ಅತ್ತಿಗೆಯ ರಕ್ತದ ಸರಾಸರಿ

ಕ್ಷೌರದಂಗಡಿಯವನ ಹೊಸ ಶರ್ಟಿನ ಮೂರನೆಯ ಗುಂಡಿ ತನ್ನ ಕಾಜದಿಂದ ಒಂದು ಬೆರಳು ಕೆಳಗೆ ಕೂತಿತ್ತು ಎಂಬ ಸಂಗತಿಯನ್ನು ಎಲ್ಲಕ್ಕಿಂತ ಮೊದಲು ದಾಖಲಿಸಬೇಕು. ರಾಜ್ಯಗಳು ಇದಕ್ಕಿಂತ ಸಣ್ಣ ಕಾರಣಕ್ಕೆ ಉರುಳಿವೆ. ಆ ಬೀದಿಯಲ್ಲಂತೂ ಮೂವತ್ತೊಂದು ವರ್ಷಗಳಲ್ಲಿ ಇಂಥದ್ದು ನಡೆದಿರಲಿಲ್ಲ. ಪ್ರಳಯವೇ ಆಗಿದ್ದರೂ ಜನ ಇಷ್ಟು ತಬ್ಬಿಬ್ಬಾಗುತ್ತಿರಲಿಲ್ಲವೇನೋ. ಪ್ರಳಯದ ವಿಷಯವನ್ನಾದರೂ ಎಲ್ಲರೂ ಮೊದಲೇ ಕೇಳಿದ್ದರು.

ಕ್ಷೌರಿಕ ಹೊಲಿಗೆಯಂಗಡಿಯ ಕನ್ನಡಿಯೆದುರು ನಿಂತು ಗುಂಡಿಗಳನ್ನೆಲ್ಲ ಹಾಕಿ ಮುಗಿಸಿದ್ದ. ಹೊಟ್ಟೆಯ ಮೇಲೆ ಬಟ್ಟೆ ಒಂದು ಕಡೆ ಉಬ್ಬಿಕೊಂಡು, ಕೆಳಗಿನ ಅಂಚು ಎಡಕ್ಕೆ ಜೋತುಬಿದ್ದಿತ್ತು. ಆತ ಸಂಕೋಚದ ಮನುಷ್ಯ. ಎದುರಿಗಿರುವವರ ತಪ್ಪನ್ನು ತೋರಿಸುವುದಕ್ಕಿಂತ ತನ್ನ ಆಕಾರವನ್ನೇ ಬದಲಿಸಿಕೊಳ್ಳಲು ಸಿದ್ಧನಿದ್ದ.

"ನನ್ನ ಮೈಯೇ ಸೊಟ್ಟ ಇರ್ಬೇಕು ಬಿಡಿ ಅಮ್ಮ," ಎಂದ. "ದಿನವಿಡೀ ಬೇರೆಯವರ ತಲೆ ಮೇಲೆ ಬಗ್ಗಿ ಬಗ್ಗಿ ಹೀಗಾಗಿದೆ."

ಮೂವತ್ತೊಂದು ವರ್ಷಗಳಿಂದ ಆ ಅಂಗಡಿ ನಡೆಸುತ್ತಿದ್ದ ಅತ್ತಿಗೆ ನಗಲಿಲ್ಲ. ಶರ್ಟನ್ನು ಬಿಚ್ಚಿಸಿ ಮೇಜಿನ ಮೇಲೆ ಹರಡಿ, ಕೊರಳಲ್ಲಿ ಜೋತಾಡುತ್ತಿದ್ದ ಟೇಪನ್ನು ಎರಡು ಸಲ ಹಿಡಿದು ನೋಡಿದರು. ಬಂದದ್ದು ಒಂದೇ ಉತ್ತರ. ನಾಳೆ ಬನ್ನಿ, ಸರಿಮಾಡಿಡುತ್ತೇನೆ ಎಂದರು. ಆತ ಸರಿಮಾಡುವುದೇನೂ ಬೇಡ, ಇದು ಹೊಸ ಫ್ಯಾಷನ್ನೂ ಇರಬಹುದು ಎಂದು ಶರ್ಟನ್ನು ಮತ್ತೆ ತೊಟ್ಟುಕೊಂಡು, ಅವರು ಬೇಡವೆನ್ನುವ ಮೊದಲೇ ಬೀದಿ ದಾಟಿಬಿಟ್ಟ.

ಇದನ್ನೆಲ್ಲ ಮೂಲೆಯ ಸ್ಟೂಲಿನ ಮೇಲೆ ಕೂತು, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಪುಟ್ಟಿ ನೋಡುತ್ತಿದ್ದಳು. ಪುಟ್ಟಿಗೆ ಐವತ್ತೊಂದು ವರ್ಷ. ನಾಲ್ಕು ಅಂಗಡಿ ಆಚೆಗಿದ್ದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಟೆಕ್ನೀಶಿಯನ್. ಅಲ್ಲಿ ಅವಳು ಎಲ್ಲರಿಗೂ 'ಮೇಡಂ'. ಅವಳು ಹುಬ್ಬು ಗಂಟಿಕ್ಕಿದರೆ ಗಂಡಸರು ತಾವೇ ತೋಳು ಮಡಚಿ ಕೂರುತ್ತಿದ್ದರು. ಅಣ್ಣನಿಗೆ ಮದುವೆಯಾಗಿ ಅತ್ತಿಗೆ ಆ ಮನೆಗೆ ಬಂದಾಗ ಅವಳಿಗೆ ಹನ್ನೆರಡು ವರ್ಷ. ಆಗಿನಿಂದ ಪುಟ್ಟಿ, ಪುಟ್ಟಿಯಾಗಿಯೇ ಉಳಿದಿದ್ದಳು. ಆ ವರ್ಷದ ಅವಳ ಸ್ಕೂಲ್ ಯೂನಿಫಾರ್ಮನ್ನು ಅತ್ತಿಗೆ ಒಳಗೆ ನಾಲ್ಕು ಬೆರಳು ಮಡಿಕೆ ಬಿಟ್ಟು ಹೊಲಿದಿದ್ದರು. ಪ್ರತಿ ವರ್ಷ ಒಂದೊಂದು ಬೆರಳು ಬಿಚ್ಚುತ್ತ ಹೋಗಿ, ಒಂದೇ ಲಂಗದಲ್ಲಿ ಪುಟ್ಟಿ ಹೈಸ್ಕೂಲು ಮುಗಿಸಿದ್ದಳು. ಅತ್ತಿಗೆ ನಾದಿನಿಯರೆಂದರೆ ಎಣ್ಣೆ ಸೀಗೆಕಾಯಿ ಎನ್ನುವವರು ಇವರಿಬ್ಬರನ್ನು ಕಂಡು ಗಾದೆಯನ್ನೇ ಅರ್ಧಕ್ಕೆ ನುಂಗುತ್ತಿದ್ದರು. ಜಗಳವಿರಲಿಲ್ಲವೆಂದಲ್ಲ. ಜಗಳಕ್ಕೆ ಒಂದು ನಿಗದಿತ ಸಮಯವಿತ್ತು: ಮಧ್ಯಾಹ್ನ ಒಂದೂವರೆಯಿಂದ ಎರಡರವರೆಗೆ, ಊಟದ ಜೊತೆ.

ಆ ದಿನ ಜಗಳವಾಗಲಿಲ್ಲ. ಅತ್ತಿಗೆ ತಮ್ಮ ಡಬ್ಬಿಯನ್ನು ತೆರೆಯಲೂ ಇಲ್ಲ.

ಅತ್ತಿಗೆಗೆ ರಕ್ತ ಕಡಿಮೆ ಎಂಬುದು ಮನೆಗೂ ಬೀದಿಗೂ ಗೊತ್ತಿದ್ದ ವಿಷಯ. ಎರಡು ವರ್ಷದ ಹಿಂದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಂದು ಅವರು ಮೊದಲ ಸಲ ಗೊಣಗಿದಾಗ, ಪುಟ್ಟಿ ಅಡಿಗೆಮನೆಯ ಮೇಜಿನ ಬಳಿಯೇ ಕೂರಿಸಿ ರಕ್ತ ತೆಗೆದಿದ್ದಳು. ಹಿಮೋಗ್ಲೋಬಿನ್ ಹನ್ನೆರಡಿರಬೇಕಾದಲ್ಲಿ ಏಳು ಪಾಯಿಂಟ್ ಎಂಟು ಇತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಬೀದಿಯವರೂ ಸುಮ್ಮನಿರಲಿಲ್ಲ. ಒಬ್ಬರು ಬೀಟ್‌ರೂಟ್ ಎಂದರು, ಇನ್ನೊಬ್ಬರು ದಾಳಿಂಬೆ ಎಂದರು, ಕ್ಷೌರಿಕ ಖರ್ಜೂರದ ಪೊಟ್ಟಣವನ್ನೇ ತಂದು ಮೆಷಿನ್ನಿನ ಪಕ್ಕ ಇಟ್ಟುಹೋದ. ಕೆಂಪಗಿರುವುದೆಲ್ಲ ರಕ್ತವಾಗುತ್ತದೆಂದು ನಂಬಿದ್ದ ಆ ಬೀದಿಯಲ್ಲಿ ಇಟ್ಟಿಗೆಯೊಂದನ್ನು ಮಾತ್ರ ಯಾರೂ ತಿನ್ನಲು ಹೇಳಲಿಲ್ಲ.

ಅಣ್ಣ ಮಾತ್ರ ಇಂಥ ಊಹಾಪೋಹಕ್ಕೆ ಸೇರಿದವನಲ್ಲ. ಲೆಕ್ಕದ ಮೇಷ್ಟರು. ಕಪಾಟಿನ ಬಾಗಿಲಿಗೆ ಒಂದು ಗ್ರಾಫ್ ಹಾಳೆ ಅಂಟಿಸಿ, ಆರು ತಿಂಗಳಿಗೊಮ್ಮೆ ಹೆಂಡತಿಯ ಹಿಮೋಗ್ಲೋಬಿನ್ನನ್ನು ಚುಕ್ಕೆಯಿಟ್ಟು ಗುರುತಿಸುತ್ತಿದ್ದ. ಏಳು ಪಾಯಿಂಟ್ ಎಂಟು, ಎಂಟು ಪಾಯಿಂಟ್ ಆರು, ಒಂಬತ್ತು ಪಾಯಿಂಟ್ ಒಂದು. ಮೂರು ಚುಕ್ಕೆಗಳನ್ನು ಸೇರಿಸಿ ಗೆರೆಯನ್ನು ಮುಂದಕ್ಕೆಳೆದು, ಇನ್ನು ಎರಡೂಕಾಲು ವರ್ಷಕ್ಕೆ ಹನ್ನೆರಡು ಮುಟ್ಟುತ್ತದೆ ಎಂದು ಘೋಷಿಸಿದ್ದ. ನಾಲ್ಕನೆಯ ಚುಕ್ಕೆ ಎಂಟು ಪಾಯಿಂಟ್ ಒಂಬತ್ತಕ್ಕೆ ಇಳಿದಾಗ, ಅದನ್ನು ಗೆರೆಯ ಕೆಳಗೆ ತೆಳ್ಳಗೆ ಪೆನ್ಸಿಲಿನಲ್ಲಿ ಇಟ್ಟು, ಇದು ಅಪವಾದ ಎಂದ. ಹೆಂಡತಿಯ ರಕ್ತ ತನ್ನ ಗೆರೆಗೆ ಬದ್ಧವಾಗಿ ನಡೆಯಲೇಬೇಕೆಂಬ ನಂಬಿಕೆಯಲ್ಲಿ ಪ್ರೀತಿ ಎಷ್ಟು, ಗಣಿತ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಸಂಜೆ ಅಂಗಡಿಯ ಶಟರ್ ಎಳೆಯಲು ಪುಟ್ಟಿ ಕೈಜೋಡಿಸುವುದು ವಾಡಿಕೆ. ಆ ಗುರುವಾರ ಶಟರ್ ಅರ್ಧಕ್ಕೆ ಬಂದಾಗ ಅತ್ತಿಗೆ ಕೈ ಬಿಟ್ಟರು. ಸೋಮವಾರದಿಂದ ಅಂಗಡಿ ತೆಗೆಯುವುದಿಲ್ಲ ಎಂದರು. ಹೊಲಿಯದ ಬಟ್ಟೆಗಳನ್ನು ನಾಳೆ, ನಾಳಿದ್ದು ಹಿಂದಿರುಗಿಸುತ್ತೇನೆ. ಮೆಷಿನ್ನಿಗೆ ಎಣ್ಣೆ ಹಾಕಿ ಹೊದಿಸಿಡುತ್ತೇನೆ. ಹವಾಮಾನ ವರದಿ ಓದುವವರ ಹಾಗೆ ಹೇಳಿದರು. ಒಂದು ಗುಂಡಿಗೆ ಇಷ್ಟೊಂದೇ ಎಂದು ಪುಟ್ಟಿ ರೇಗಿದಳು.

"ಗುಂಡಿ ಅಲ್ಲ ಪುಟ್ಟಿ," ಎಂದರು ಅತ್ತಿಗೆ. "ಸೂಜಿ ಬೆರಳಿಗೆ ಚುಚ್ಚಿದ್ರೆ ಗೊತ್ತೇ ಆಗ್ತಿಲ್ಲ. ಮೊನ್ನೆ ಬಿಳಿ ಬಟ್ಟೆ ಮೇಲೆ ರಕ್ತ ನೋಡಿ, ಯಾರ್ದಪ್ಪಾ ಇದು ಅಂತ ಹುಡುಕಿದೆ. ನಂದೇ."

ಎಷ್ಟು ದಿನದಿಂದ ಎಂದು ಪುಟ್ಟಿ ಕೇಳಿದಳು. ಎಂಟು ತಿಂಗಳಾಯಿತಂತೆ. ಮೊದಲು ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ. ಆಮೇಲೆ ಇರುವೆಯೂ ಇಲ್ಲ, ಬೆರಳೂ ಇಲ್ಲ. ಪಾದವೂ ಹಾಗೇ, ಹತ್ತಿಯ ಮೇಲೆ ನಡೆದಂತೆ. ಮೊದಲೆಲ್ಲ ಕಣ್ಣು ಮುಚ್ಚಿಕೊಂಡು ಬಟ್ಟೆಯನ್ನು ಬೆರಳಿನಲ್ಲಿ ತಿಕ್ಕಿದರೆ ಯಾವುದು ಹೊರಮೈ ಯಾವುದು ಒಳಮೈ ಎಂದು ಹೇಳುತ್ತಿದ್ದ ಅತ್ತಿಗೆ, ಈಗ ದೀಪ ಹಾಕಿಕೊಂಡು, ಕನ್ನಡಕ ಏರಿಸಿಕೊಂಡು ನೋಡಬೇಕಾಗಿತ್ತು. ಕ್ಷೌರಿಕನ ಗುಂಡಿಯ ಗುರುತನ್ನು ಅಂದಾಜಿನ ಮೇಲೆ ಹಾಕಿದ್ದರು. ಹೇಳಲಿಲ್ಲ ಯಾಕೆ ಎಂದದ್ದಕ್ಕೆ, ವಯಸ್ಸು ಬರುವಾಗ ಯಾರಿಗೂ ಹೇಳಿ ಬರುವುದಿಲ್ಲ, ಅದನ್ನು ನಾನು ಯಾಕೆ ಊರಿಗೆಲ್ಲ ಹೇಳಲಿ ಎಂದರು.

ಅತ್ತಿಗೆಗೆ ಐವತ್ತೆಂಟು. ಅದು ವಯಸ್ಸಲ್ಲ ಎಂದು ಪುಟ್ಟಿ ಮನಸ್ಸಿನಲ್ಲೇ ಸಾಧಿಸುತ್ತ ಮನೆಗೆ ನಡೆದಳು. ಸಕ್ಕರೆ ಕಾಯಿಲೆಯಲ್ಲ, ಅದನ್ನು ನೋಡಿಯಾಗಿತ್ತು. ಮತ್ತೇನು? ಅಂಗಡಿಯಿಲ್ಲದ ಅತ್ತಿಗೆಯನ್ನು ಅವಳು ಊಹಿಸಲು ಯತ್ನಿಸಿದಳು. ಮನೆಯ ಕಿಟಕಿ ಬಳಿ ಕುರ್ಚಿ ಹಾಕಿ ಕೂರಿಸಿ ನೋಡಿದಳು, ಅತ್ತಿಗೆ ಕೂರಲಿಲ್ಲ. ಕಲ್ಪನೆಯಲ್ಲೂ ಎದ್ದುಹೋಗಿ ಪರದೆಯ ಅಂಚು ಹಿಡಿದು, ಯಾರು ಹೊಲಿದದ್ದು ಇದು, ಒಳ್ಳೇ ಚೀಲ ಹೊಲಿದ ಹಾಗಿದೆ ಎಂದರು.

ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೊರಡುವ ಮುನ್ನ ಪುಟ್ಟಿ ಕಪಾಟಿನಿಂದ ನಾಲ್ಕೂ ಹಳೆಯ ರಿಪೋರ್ಟುಗಳನ್ನು ತೆಗೆದು ಸಾಲಾಗಿ ಹರಡಿದಳು. ನಾಲ್ಕರಲ್ಲೂ ಮೇಲುಗಡೆ, ಹಿಮೋಗ್ಲೋಬಿನ್ನಿನ ಸುತ್ತ, ಕೆಂಪು ಪೆನ್ಸಿಲಿನ ದುಂಡು ಗುರುತು. ಗುರುತು ಅವಳದೇ. ಡಾಕ್ಟರು ಮಧ್ಯಾಹ್ನದೊಳಗೆ ಅರವತ್ತು ಜನರನ್ನು ನೋಡುವ ಮನುಷ್ಯ. ಕೆಂಪು ಕಂಡಲ್ಲಿ ನಿಲ್ಲುತ್ತಿದ್ದರು, ಇಲ್ಲದಿದ್ದರೆ ಹಾಳೆ ತಿರುವುತ್ತಿದ್ದರು. ಅವರ ಅನುಕೂಲಕ್ಕೆಂದು ಶುರುಮಾಡಿದ ಅಭ್ಯಾಸ ಹದಿನೈದು ವರ್ಷಗಳಲ್ಲಿ ಅವಳ ಕಣ್ಣಿಗೂ ಕಟ್ಟಾಗಿಬಿಟ್ಟಿತ್ತು. ಗುರುತಿನ ಹೊರಗಿರುವುದನ್ನು ಅವಳೂ ಓದುತ್ತಿರಲಿಲ್ಲ.

ಈಗ ಓದಿದಳು. ಕೆಂಪುಕಣಗಳ ಸರಾಸರಿ ಗಾತ್ರ ಎಂಬ ಸಾಲು: ಎಪ್ಪತ್ನಾಲ್ಕು, ಎಂಬತ್ತು, ಎಂಬತ್ತೈದು, ಎಂಬತ್ತೆಂಟು. ಕಬ್ಬಿಣ ಸಾಲದಿದ್ದರೆ ಕಣಗಳು ಚಿಕ್ಕವಾಗುತ್ತವೆ, ಎಪ್ಪತ್ನಾಲ್ಕು ಅದೇ. ಮಾತ್ರೆಯಿಂದ ಅದು ಏರಿ ಎಂಬತ್ತೆಂಟಕ್ಕೆ, ಅಂದರೆ ಒಳ್ಳೆಯ ನಡುಮಟ್ಟಕ್ಕೆ ಬಂದಿತ್ತು. ಈ ಸಾಲನ್ನು ಅಣ್ಣ ಆಗಲೇ ಗುರುತಿಸಿ ಸಂತೋಷಪಟ್ಟಿದ್ದ. ಹಾಗಾದರೆ ರಕ್ತ ಯಾಕೆ ಏರಲಿಲ್ಲ? ಅದಕ್ಕಿಂತ ಎರಡು ಸಾಲು ಕೆಳಗೆ, ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂದು ಹೇಳುವ ಅಂಕಿ. ಹದಿನಾಲ್ಕರೊಳಗಿರಬೇಕಾದ್ದು. ಹದಿನೇಳು, ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತೈದು. ನಾಲ್ಕು ರಿಪೋರ್ಟುಗಳ ಬುಡದಲ್ಲೂ ಅವಳ ಸಹಿ.

ಪುಟ್ಟಿ ಕುರ್ಚಿಯೆಳೆದು ಕೂತಳು. ಹೊರಗಿನವರ ವಿಷಯದಲ್ಲಿ ಅವಳಿಗೊಂದು ನಿಯಮವಿತ್ತು: ಹಿಮೋಗ್ಲೋಬಿನ್ ಹತ್ತಕ್ಕಿಂತ ಕೆಳಗಿದ್ದರೆ, ಯಂತ್ರ ಏನೇ ಹೇಳಲಿ, ಒಂದು ತೊಟ್ಟನ್ನು ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ತಾನೇ ನೋಡುವುದು. ಗುರುತಿಲ್ಲದ ತರಕಾರಿಯವಳ ರಕ್ತಕ್ಕೆ, ಬಸ್ ಡ್ರೈವರನ ರಕ್ತಕ್ಕೆ, ಮೀಟರ್ ಓದಲು ಬಂದು ತಲೆತಿರುಗಿ ಬಿದ್ದವನ ರಕ್ತಕ್ಕೆ ಈ ಮರ್ಯಾದೆ ಸಿಕ್ಕಿತ್ತು. ಅತ್ತಿಗೆಯ ರಕ್ತ ಮಾತ್ರ ಊಟದ ಡಬ್ಬಿಯ ಜೊತೆ ಚೀಲದಲ್ಲಿ ಬಂದು, ಎಲ್ಲರದ್ದೂ ಮುಗಿದ ಮೇಲೆ ಯಂತ್ರಕ್ಕೆ ಬಿದ್ದು, ಮತ್ತೆ ಅದೇ ಚೀಲದಲ್ಲಿ ಹಾಳೆಯಾಗಿ ಮನೆಗೆ ಹೋಗುತ್ತಿತ್ತು. ಮನೆಯವರಲ್ಲವೇ ಎಂಬ ಸಲಿಗೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಹಿತ್ತಲ ರೋಗವೂ ರೋಗವಲ್ಲ ಎಂದು ಯಾರೂ ಸೇರಿಸಿರಲಿಲ್ಲ.

ಆ ಶುಕ್ರವಾರ ಅತ್ತಿಗೆ ಲ್ಯಾಬಿನಲ್ಲಿ ಮೊದಲ ಬಾರಿಗೆ ಎಲ್ಲರಂತೆ ಟೋಕನ್ ತೆಗೆದುಕೊಂಡು ಬೆಂಚಿನ ಮೇಲೆ ಕೂತರು. ಟೋಕನ್ ಹನ್ನೊಂದು. ಹತ್ತನೆಯವನ ಪ್ಯಾಂಟಿನ ಅಂಚು ಬಿಟ್ಟಿರುವುದನ್ನು ಅವನಿಗೆ ತಿಳಿಸಿದರು. ತಮ್ಮ ಸರದಿ ಬಂದಾಗ ತೋಳು ಚಾಚಿ, ಇಷ್ಟು ದಿನ ಮನೆಯಲ್ಲೇ ರಕ್ತ ತೆಗೆಯುತ್ತಿದ್ದವಳಿಗೆ ಈಗ ದೊಡ್ಡಸ್ತಿಕೆ ಬಂದಿದೆ ಎಂದು ಬೆಂಚಿನವರಿಗೆಲ್ಲ ಕೇಳುವಂತೆ ಹೇಳಿದರು. ಪುಟ್ಟಿ ರಬ್ಬರ್ ಪಟ್ಟಿ ಬಿಗಿದು ರಕ್ತ ತೆಗೆದಳು.

ಯಂತ್ರ ತನ್ನ ಹಾಳೆಯನ್ನು ಉಗುಳಿತು. ಕೊನೆಯಲ್ಲಿ ಅದು ಯಾವಾಗಲೂ ಒಂದು ಪುಟ್ಟ ಚಿತ್ರ ಬರೆಯುತ್ತದೆ: ಕಣಗಳ ಗಾತ್ರದ ಗುಡ್ಡ. ಆರೋಗ್ಯವಂತರಿಗೆ ಒಂದೇ ಗುಡ್ಡ. ಅತ್ತಿಗೆಯದು ಎರಡು ಡುಬ್ಬದ ಒಂಟೆ. ಪುಟ್ಟಿ ಗಾಜಿನ ಪಟ್ಟಿಗೆ ಬಣ್ಣ ಹಾಕಿ, ತೊಳೆದು, ಒಣಗಲು ಬಿಟ್ಟು, ಆ ಎಂಟು ನಿಮಿಷ ಬೇರೆ ಯಾವ ಕೆಲಸವನ್ನೂ ಮಾಡದೆ ಅದರೆದುರು ನಿಂತಳು.

ಕೆಂಪುಕಣಗಳೆಂದರೆ ಸಾಧಾರಣವಾಗಿ ಒಂದೇ ಪೊಟ್ಟಣದ ಗುಂಡಿಗಳಂತೆ. ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ. ಇಲ್ಲಿ ಯಾರೋ ಮಗುವಿನ ಅಂಗಿಯ ಗುಂಡಿಗಳನ್ನೂ ಚಳಿಗಾಲದ ಕೋಟಿನ ಗುಂಡಿಗಳನ್ನೂ ಒಂದೇ ಡಬ್ಬಿಗೆ ಸುರಿದಿದ್ದರು. ಚಿಕ್ಕವು ನಡುವೆ ಬಿಳಿಚಿಕೊಂಡು, ಬರೀ ಅಂಚಿನಲ್ಲಿ ಬಣ್ಣ ಹಿಡಿದುಕೊಂಡಿದ್ದವು. ಅವು ಕಬ್ಬಿಣವಿಲ್ಲದೆ ಬೆಳೆದವು. ದೊಡ್ಡವು ಮೊಟ್ಟೆಯಾಕಾರದವು, ಮೈತುಂಬ ಕೆಂಪು. ಅವು ಬಿ-ಹನ್ನೆರಡು ಎಂಬ ಜೀವಸತ್ವವಿಲ್ಲದೆ ಬೆಳೆದವು. ನಡುವೆ ಒಂದು ಬಿಳಿಕಣ ಸಿಕ್ಕಿತು. ಅದರ ಒಳಬೀಜ ಮೂರೋ ನಾಲ್ಕೋ ಹೋಳಾಗಿರಬೇಕು. ಪುಟ್ಟಿ ಎಣಿಸಿದಳು, ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದಳು. ಆರು. ಬಿ-ಹನ್ನೆರಡರ ಕೊರತೆಗೆ ಅದಕ್ಕಿಂತ ನಿಷ್ಠುರವಾದ ಸಾಕ್ಷಿ ಇರಲಿಲ್ಲ.

ಒಂದು ಕೊರತೆ ಕಣಗಳನ್ನು ಚಿಕ್ಕದು ಮಾಡಿತ್ತು, ಇನ್ನೊಂದು ದೊಡ್ಡದು ಮಾಡಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಿತ್ತು. ಬಂಡಿ ನಿಂತಲ್ಲೇ ನಿಂತಿರುವುದನ್ನು ನೋಡಿ ಮನೆಯವರೆಲ್ಲ, ಪರವಾಗಿಲ್ಲ, ಬಂಡಿ ರಸ್ತೆಯ ನಡುವೆಯೇ ಇದೆ ಎಂದಿದ್ದರು.

ಅವಳು ಅತ್ತಿಗೆಯನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದಳು. ಅತ್ತಿಗೆ ಒಂದು ಕಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುವ ಭಂಗಿಯಲ್ಲಿ ಬಗ್ಗಿ ಬಹಳ ಹೊತ್ತು ನೋಡಿದರು.

"ಇದು ನಂದೇನಾ?"

"ನಿಮ್ದೇ."

"ಯಾರು ಕಟ್ ಮಾಡಿದ್ದು ಇದನ್ನ?"

ಪುಟ್ಟಿ ವಿವರಿಸಿದಳು. ಯಂತ್ರ ಎಲ್ಲ ಕಣಗಳನ್ನೂ ಅಳೆದು, ಕೂಡಿಸಿ, ಭಾಗಿಸಿ, ಎಂಬತ್ತೆಂಟು ಎನ್ನುತ್ತದೆ. ಎಂಬತ್ತೆಂಟು ಎಂದರೆ ಎಲ್ಲವೂ ಸರಿ ಎಂದರ್ಥ. ಅಣ್ಣ ಅದನ್ನೇ ನಂಬಿದ, ನಾನೂ ಡಾಕ್ಟರೂ ಅಲ್ಲಿಯವರೆಗೂ ಓದಲಿಲ್ಲ. ಅತ್ತಿಗೆ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆಯೇ ಕೇಳಿಸಿಕೊಂಡರು.

"ಒಂದು ತೋಳು ಮೊಣಕೈಗೆ, ಇನ್ನೊಂದು ಮೊಣಕಾಲಿಗೆ ಬಂದ್ರೂ ಸರಾಸರಿ ಸರಿಯಾಗೇ ಇರತ್ತೆ," ಎಂದರು. "ಗಿರಾಕಿ ಹಾಕ್ಕೋಬೇಕಲ್ಲ."

ಈ ಮಾತನ್ನು ಸಂಜೆ ಪುಟ್ಟಿ ಅಣ್ಣನಿಗೆ ಮುಟ್ಟಿಸಿದಳು. ಮೇಷ್ಟರಿಗೆ ಅವಮಾನವಾದದ್ದು ತಮಗಾಗಿ ಅಲ್ಲ, ಸರಾಸರಿಗಾಗಿ. ಮೂವತ್ತು ವರ್ಷ ಎಂಟನೆಯ ತರಗತಿಗೆ ಕಲಿಸಿದ ಪಾಠ. ಅದು ತಮ್ಮ ಅಡಿಗೆಮನೆಯಲ್ಲೇ ಹೀಗೆ ಕೈಕೊಡಬಹುದೆಂದು ಅವರು ಎಣಿಸಿರಲಿಲ್ಲ. ಸ್ವಲ್ಪ ಹೊತ್ತು ಸೂತ್ರದ ಪರವಾಗಿ ವಾದಿಸಿದರು. ಆಮೇಲೆ ನಾಲ್ಕೂ ಹಾಳೆಗಳ ಕೆಳಗಿನ ಸಾಲನ್ನು ತಾವೇ ಓದಿದರು. ಹದಿನೇಳು, ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತೈದು. ಎದ್ದುಹೋಗಿ ಕಪಾಟಿನ ಗ್ರಾಫನ್ನು ಅಂಚು ಹರಿಯದಂತೆ ಬಿಡಿಸಿ ಮಡಚಿಟ್ಟರು.

"ಸರಾಸರಿದು ತಪ್ಪಿಲ್ಲ," ಎಂದರು ಕೊನೆಗೆ. "ಅದನ್ನ ಒಂಟಿಯಾಗಿ ಓಡಾಡಕ್ಕೆ ಬಿಟ್ಟಿದ್ದು ನಮ್ಮ ತಪ್ಪು."

ಶನಿವಾರ ಮೂವರೂ ಡಾಕ್ಟರ ಮುಂದೆ ಕೂತರು. ಅಷ್ಟರಲ್ಲಿ ಉಳಿದ ಎರಡು ಅಂಕಿಗಳೂ ಬಂದಿದ್ದವು: ಮೈಯಲ್ಲಿ ಕಬ್ಬಿಣದ ದಾಸ್ತಾನು ಬಹುತೇಕ ಖಾಲಿ, ಬಿ-ಹನ್ನೆರಡು ಇರಬೇಕಾದ್ದರ ಅರ್ಧಕ್ಕಿಂತಲೂ ಕಡಿಮೆ. ಡಾಕ್ಟರು ಹೊರಗೆ ಕಾಯುತ್ತಿದ್ದ ಅರವತ್ತು ಜನರನ್ನು ಮರೆತು, ನಾಲ್ಕು ಹಳೆಯ ಹಾಳೆಗಳನ್ನು ಒಂದೊಂದಾಗಿ ನೋಡಿದರು. ಕೆಂಪು ಗುರುತುಗಳನ್ನು ನೋಡಿದರು, ಪುಟ್ಟಿಯನ್ನು ನೋಡಿದರು. ನಾನೂ ಕೆಳಗೆ ಓದಬೇಕಿತ್ತು ಮೇಡಂ ಎಂದರು. ಪುಟ್ಟಿಗೆ ಬೈಸಿಕೊಂಡಿದ್ದರೇ ಹಗುರವಾಗುತ್ತಿತ್ತು.

ಒಂದೇ ಮೈಯಲ್ಲಿ ಎರಡು ಕೊರತೆ ಯಾಕೆ ಬಂತು ಎಂಬುದು ಅವರ ಮುಂದಿನ ಪ್ರಶ್ನೆ. ಹೊಟ್ಟೆಯೊಳಗೆ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ನೋಡಿಸಬೇಕು ಎಂದರು. ಮುಂದಿನ ವಾರ ನೋಡಿಸಿದ್ದೂ ಆಯಿತು, ಎಲ್ಲೂ ಸೋರುತ್ತಿರಲಿಲ್ಲ. ಆ ಶನಿವಾರವೇ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದೂ ಕೇಳಿದರು. ಅತ್ತಿಗೆ ಚೀಲದಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದರು. ಒಳಗೆ ಕಬ್ಬಿಣದ ಮಾತ್ರೆ. ಅದನ್ನು ದಿನಾ ಬೆಳಿಗ್ಗೆ ಟೀ ಜೊತೆ ನುಂಗುತ್ತಿದ್ದರಂತೆ. ಟೀ ಕಬ್ಬಿಣವನ್ನು ಹೊಟ್ಟೆಗೆ ಇಳಿಯಗೊಡುವುದಿಲ್ಲವೆಂದು ಯಾರೂ ಹೇಳಿರಲಿಲ್ಲ. ಅದರ ಕೆಳಗೆ, ಅರ್ಧ ಖಾಲಿಯಾದ ಇನ್ನೊಂದು ಪಟ್ಟಿ.

"ಇದು ಎದೆ ಉರಿಗೆ," ಎಂದರು ಅತ್ತಿಗೆ. "ದಿನಾ ಒಂದು. ಏಳು ವರ್ಷ ಆಯ್ತು."

ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಮಾತ್ರೆ ಅದು. ಆಮ್ಲವಿಲ್ಲದಿದ್ದರೆ ಊಟದಲ್ಲಿರುವ ಬಿ-ಹನ್ನೆರಡು ಬಿಡಿಸಿಕೊಳ್ಳುವುದಿಲ್ಲ, ಕಬ್ಬಿಣವೂ ಸರಿಯಾಗಿ ಸೇರುವುದಿಲ್ಲ. ಕಳ್ಳ ಸಿಕ್ಕ ಎಂದು ಡಾಕ್ಟರು ಪಟ್ಟಿಯನ್ನು ಮೇಜಿನ ಮೇಲಿಟ್ಟು, ಯಾರು ಬರೆದುಕೊಟ್ಟದ್ದು ಎಂದರು. ಅತ್ತಿಗೆ ಡಬ್ಬಿಯ ಮುಚ್ಚಳವನ್ನು ಮುಚ್ಚಲು ಹೋಗಿ, ಬೆರಳಿಗೆ ಅಂಚು ಸಿಗದೆ, ಮತ್ತೆ ಮತ್ತೆ ಒತ್ತುತ್ತ, ನೆನಪಿಲ್ಲ ಎಂದರು.

ಪುಟ್ಟಿಗೆ ನೆನಪಿತ್ತು. ಏಳು ವರ್ಷದ ಹಿಂದೆ, ಯಾವುದೋ ಊಟ ಮುಗಿಸಿ ಬಂದು ಅತ್ತಿಗೆ ಎದೆಯುರಿ ಎಂದು ನರಳಿದಾಗ, ಲ್ಯಾಬಿನ ಪಕ್ಕದ ಔಷಧಿ ಅಂಗಡಿಯಿಂದ ತಾನೇ ತಂದುಕೊಟ್ಟದ್ದು. ಹದಿನೈದು ದಿನ ಸಾಕು ಎಂದಿದ್ದಳು. ನಿಲ್ಲಿಸಿದಿರಾ ಎಂದು ಹದಿನಾರನೆಯ ದಿನ ಕೇಳಿರಲಿಲ್ಲ, ಆಮೇಲೆಯೂ ಕೇಳಲಿಲ್ಲ. ಡಾಕ್ಟರಿಗೆ ಅದನ್ನೇ ಹೇಳಿದಳು. ಅವರು ಬಿ-ಹನ್ನೆರಡರ ಇಂಜೆಕ್ಷನ್ ಬರೆದರು: ಮೊದಲ ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು. ಕಬ್ಬಿಣವನ್ನು ಟೀಗೆ ತೋರಿಸದೆ ನುಂಗಬೇಕು. ಎದೆಯುರಿಯ ಮಾತ್ರೆಯನ್ನು ಮೆಲ್ಲಗೆ ಬಿಡಬೇಕು. ರಕ್ತ ಖಂಡಿತ ಏರುತ್ತದೆ. ಬೆರಳಿನ ವಿಷಯ ಮಾತ್ರ ಈಗಲೇ ಏನೂ ಹೇಳಲಾರೆ. ನರಗಳು ಎಷ್ಟು ದಿನ ಹಸಿದಿದ್ದವೋ ಅದರ ಮೇಲೆ. ಕೆಲವರಿಗೆ ಪೂರ್ತಿ ಬರುತ್ತದೆ, ಕೆಲವರಿಗೆ ಇಲ್ಲ.

ಮನೆಗೆ ನಡೆದು ಬರುವಾಗ ಅಣ್ಣ ಔಷಧಿ ಅಂಗಡಿಯಲ್ಲಿ ಹಿಂದುಳಿದ. ಒಂದು ವರ್ಷದ ಹಿಂದಿನ ರಿಪೋರ್ಟನ್ನು ಸರಿಯಾಗಿ ಓದಿದ್ದರೆ ಈ ಬೆರಳುಗಳು ಹೀಗಾಗುತ್ತಿರಲಿಲ್ಲ ಎಂಬ ಒಂದೇ ಲೆಕ್ಕವನ್ನು ಪುಟ್ಟಿ ಮಾಡುತ್ತಿದ್ದಳು. ಕೊನೆಗೆ ತಡೆಯಲಾರದೆ, ಎಲ್ಲ ನನ್ನಿಂದಲೇ ಆದದ್ದು ಅತ್ತಿಗೆ ಎಂದಳು. ಅತ್ತಿಗೆ ನಿಂತರು. ಪಾದದಡಿ ಹತ್ತಿಯಿದ್ದವರು ಮಾತನಾಡುವಾಗ ನಡೆಯಲಾರರು.

"ನೀನು ಆರನೇ ಕ್ಲಾಸಲ್ಲಿದ್ದಾಗ ನಿನ್ನ ಶರ್ಟಿನ ಕಾಲರ್ ಒಳಗೆ ಒಂದು ಗುಂಡುಪಿನ್ನು ಬಿಟ್ಟುಬಿಟ್ಟಿದ್ದೆ," ಎಂದರು. "ಇಡೀ ದಿನ ಕತ್ತು ತಿರುಗಿಸ್ದೆ ಕೂತಿದ್ದು ಬಂದೆ. ಎಷ್ಟು ಶಿಸ್ತಿನ ಹುಡುಗಿ ಅಂತ ನಿಮ್ಮ ಟೀಚರ್ ಹೊಗಳಿದ್ರಂತೆ. ಆವತ್ತು ನಮ್ಮತ್ತೆಗೆ ಹೇಳಿದ್ಯಾ ನೀನು?"

"ಇಲ್ಲ."

"ಹೇಳಿದ್ರೆ ನನ್ನ ಕೈಗೆ ಆಮೇಲೆ ಯಾರೂ ಕತ್ತರಿ ಕೊಡ್ತಿರ್ಲಿಲ್ಲ. ಸುಮ್ನೆ ನಡಿ ಈಗ. ಮತ್ತೆ, ಹದಿನೈದೇ ದಿನ ಅಂತ ನೀನು ಹೇಳಿದ್ದು ನಿಜ. ಮಾತ್ರೆ ಚೆನ್ನಾಗಿತ್ತು. ಬಿಡಕ್ಕೆ ಮನಸ್ಸಾಗ್ಲಿಲ್ಲ."

ಸೋಮವಾರ ಅಂಗಡಿ ತೆರೆಯಲಿಲ್ಲ. ಹೊಲಿಯದ ಬಟ್ಟೆಗಳನ್ನು ಅತ್ತಿಗೆ ಹೇಳಿದಂತೆಯೇ ಹಿಂದಿರುಗಿಸಿದ್ದರು. ಕೆಲವರು ಬೇರೆ ಕಡೆ ಕೊಟ್ಟರು. ಹೆಚ್ಚಿನವರು ಬಟ್ಟೆಯನ್ನು ಮನೆಯಲ್ಲಿಟ್ಟುಕೊಂಡು, ಅವಸರವೇನಿಲ್ಲ ಎಂದರು. ಕ್ಷೌರಿಕ ಉಬ್ಬಿದ ಶರ್ಟನ್ನೇ ತೊಟ್ಟು ಓಡಾಡುತ್ತಿದ್ದ. ಬೇರೆಯವರ ಕೈಯಲ್ಲಿ ಸರಿಮಾಡಿಸಿದರೆ ಅಮ್ಮನಿಗೆ ಅವಮಾನವಾಗುತ್ತದೆ ಎಂದು ಕನ್ನಡಿಯಲ್ಲಿ ನಕ್ಕವರಿಗೆಲ್ಲ ವಿವರಿಸಿ, ಅವಮಾನವನ್ನು ಅರ್ಧ ಊರಿಗೆ ಹಂಚಿದ.

ಇಂಜೆಕ್ಷನ್ ಹಾಕುವ ಕೆಲಸ ಪುಟ್ಟಿಯದು. ಆರನೆಯ ದಿನ ಅವಳು ಮತ್ತೆ ಟೋಕನ್ ಕೊಟ್ಟು ಬೆಂಚಿನ ಮೇಲೆ ಕೂರಿಸಿ, ರಕ್ತ ತೆಗೆದು, ಈ ಸಲ ಎಳೆಯ ಕಣಗಳನ್ನು ಎಣಿಸಿದಳು. ಮಜ್ಜೆಯಿಂದ ಆಗ ತಾನೇ ಹೊರಬಿದ್ದ ಮರಿಗಳು. ಮೊದಲು ನೂರಕ್ಕೆ ಒಂದಿದ್ದದ್ದು ಒಂಬತ್ತಾಗಿತ್ತು. ಯಂತ್ರವನ್ನು ನಂಬದೆ, ಒಂದು ಸಾವಿರ ಕಣಗಳನ್ನು ಕಣ್ಣಿನಲ್ಲೇ ಎಣಿಸಿ, ಓಡಿಬಂದು ಹೇಳಿದಳು. ಬಾಣಂತಿ ಆರೋಗ್ಯವೇ ಎಂದು ಅತ್ತಿಗೆ ವಿಚಾರಿಸಿದರು. ಮೂರನೆಯ ವಾರಕ್ಕೆ ಅವರು ನಿಲ್ಲದೆ ಮೆಟ್ಟಿಲು ಹತ್ತಿದರು, ಗಂಡನ ಅಡಿಗೆಯನ್ನು ಬೈಯುವಷ್ಟು ಉಸಿರು ಬಂತು. ಲೆಕ್ಕದ ಮೇಷ್ಟರು ಹೊಸ ಹಾಳೆ ಅಂಟಿಸಿದರು. ಅದರಲ್ಲಿ ಈಗ ಹಿಮೋಗ್ಲೋಬಿನ್ನಿಗೆ, ಗಾತ್ರಕ್ಕೆ, ಏರುಪೇರಿಗೆ ಮೂರು ಬಣ್ಣದ ಮೂರು ಗೆರೆ.

ಬೆರಳುಗಳು ಮಾತ್ರ ಯಾವ ಹಾಳೆಗೂ ಸಿಗಲಿಲ್ಲ. ಪುಟ್ಟಿ ದಿನಾ ಬೆಳಿಗ್ಗೆ ಮೆತ್ತನೆಯ ಹತ್ತಿಯ ಚೂರೊಂದನ್ನು ಅತ್ತಿಗೆಯ ಬೆರಳ ತುದಿಗಳಿಗೆ ಸವರಿ, ಕಣ್ಣು ಮುಚ್ಚಿಸಿ, ಈಗ ಯಾವ ಬೆರಳು ಎಂದು ಕೇಳುತ್ತಿದ್ದಳು. ಅತ್ತಿಗೆ ಉತ್ತರ ಕೊಡುತ್ತಿದ್ದರು. ಉತ್ತರ ತಪ್ಪಾಗಿರುತ್ತಿತ್ತು. ಸರಿ ಎಂದು ಸುಳ್ಳು ಹೇಳಲು ಪುಟ್ಟಿಗೆ ಎಷ್ಟೋ ಸಲ ಬಾಯಿಗೆ ಬಂತು. ಇಪ್ಪತ್ತಾರು ವರ್ಷದ ಕಸುಬು ತಡೆಯಿತು. ತಪ್ಪು ಎಂದೇ ಹೇಳುತ್ತಿದ್ದಳು. ಹಾಗಾದರೆ ನಾಳೆ ನೋಡೋಣ ಎಂದು ಅತ್ತಿಗೆ ಎದ್ದುಹೋಗುತ್ತಿದ್ದರು. ನಾಲ್ಕನೆಯ ವಾರವೂ ಹಾಗೆಯೇ, ಆರನೆಯ ವಾರವೂ ಹಾಗೆಯೇ. ಒಂದು ದಿನ ಅತ್ತಿಗೆ, ಇದನ್ನು ನಿಲ್ಲಿಸಿಬಿಡೋಣ ಪುಟ್ಟಿ, ನಿನಗೂ ಲ್ಯಾಬಿಗೆ ಹೊತ್ತಾಗುತ್ತೆ ಎಂದರು. ಪುಟ್ಟಿ ಕೇಳಿಸದವಳಂತೆ ಹತ್ತಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಮರುದಿನ ಮತ್ತೆ ತೆರೆದಳು.

ಒಂಬತ್ತನೆಯ ವಾರದ ಒಂದು ಬೆಳಿಗ್ಗೆ ಅವಳು ತಡವಾಗಿ ಎದ್ದು ಬಂದಾಗ ಅತ್ತಿಗೆ ಕಪಾಟಿನಿಂದ ತಮ್ಮ ಗಂಡನ ಹಳೆಯ ಕೋಟನ್ನು ತೆಗೆದು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಬಿಚ್ಚಿಹೋಗಿದ್ದ ಒಳಪದರದ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ತಿಕ್ಕುತ್ತಿದ್ದರು. ಮುಖ ಕಿಟಕಿಯ ಕಡೆಗಿತ್ತು.

"ಪುಟ್ಟಿ, ಇದನ್ನ ಹೊಲ್ದವ್ರು ಒಳಮೈಯನ್ನ ಹೊರಗೆ ಮಾಡಿದ್ದಾರೆ," ಎಂದರು.

ಪುಟ್ಟಿ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಹೊಳಪಿನ ಮೈ ಒಳಗಿತ್ತು, ಒರಟು ಮೈ ಹೊರಗಿತ್ತು. ಇಪ್ಪತ್ತು ವರ್ಷ ಆ ಕೋಟನ್ನು ತೊಟ್ಟ ಅಣ್ಣನಿಗೂ, ಒಗೆದು ಮಡಿಸಿದ ಅವಳಿಗೂ ಅದು ಕಂಡಿರಲಿಲ್ಲ. ಅವಳು ಬಟ್ಟೆಯನ್ನು ಹಿಂದಕ್ಕೆ ಕೊಟ್ಟಳು. ಯಾರು ಹೊಲಿದದ್ದು ಎಂದು ಕೇಳಲು ಅವರ ಮುಖ ನೋಡಿದಳು. ಅತ್ತಿಗೆಯ ಕಣ್ಣು ಇನ್ನೂ ಮುಚ್ಚಿತ್ತು.

ಹದಿಮೂರನೆಯ ವಾರದ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಹನ್ನೆರಡು ಪಾಯಿಂಟ್ ಒಂದು, ಗಾತ್ರದ ಏರು‍ಪೇರು ಹದಿನೈದು. ಬಲಗೈ ಪೂರ್ತಿ ಮರಳಿತು, ಎಡಗೈ ಮುಕ್ಕಾಲು. ಎಡಗಾಲಿನ ಎರಡು ಬೆರಳುಗಳು ಮರಳಲಿಲ್ಲ. ಅಂಗಡಿ ಸೋಮವಾರ ಹತ್ತು ಗಂಟೆಗೆ ತೆರೆಯಿತು.